ಮದುಮಗಳು ನಡುದಾರಿಯಲ್ಲಿ ಇಳಿದ ದಿನ

ಚಿತ್ತಾಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಹೆಂಗಸಿನ ಹತ್ತಿರ ಒಂದು ಹಳೆಯ ಬಿಳಿ ಅಂಬಾಸಿಡರ್ ಇದೆ, ಅದನ್ನು ಅವಳೇ ಓಡಿಸುತ್ತಾಳೆ ಎಂಬುದು ನಮ್ಮ ಊರಿಗೆ ಮೊದಮೊದಲು ನಗೆಯ ಮಾತಾಗಿತ್ತು. ಈಗ ರೂಢಿಯಾಗಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಧಾನ ಮಾಡಿದರೆ ಹಣ್ಣಿನ ಬಂಡಿಯವರು ತಾವಾಗಿಯೇ ಬಂಡಿ ಸರಿಸಿ ದಾರಿ ಬಿಡುತ್ತಾರೆ.

ಆ ಹೆಂಗಸು ನಾನೇ. ಈ ಹುಚ್ಚು ನನಗೆ ಅಪ್ಪನಿಂದ ಬಂತು. ಅಪ್ಪ ಸೇಡಂನಲ್ಲಿ ಸರಕಾರಿ ಕಾರಿನ ಡ್ರೈವರ್ ಆಗಿದ್ದರು. ಸಾಹೇಬರನ್ನು ಮನೆಗೆ ಬಿಟ್ಟು ಬಂದ ಮೇಲೆ ಆ ಕಾರನ್ನು ತೊಳೆದು, ಹಳೆಯ ಧೋತರದ ತುಂಡಿನಿಂದ ಒರೆಸಿ, ಹೊಳಪು ಬಂದಮೇಲೆಯೇ ಚಹಾ ಕುಡಿಯುತ್ತಿದ್ದರು. ನಾವು ಮಕ್ಕಳು ಬಾಗಿಲ ಹಿಡಿಕೆ ಮುಟ್ಟಿದರೂ, 'ಸರಕಾರದ ಗಾಡಿ ಅದು, ನಮ್ದಲ್ಲ' ಎನ್ನುತ್ತಿದ್ದರು. ಹೀಗಾಗಿ ನನ್ನ ಅಂಗಡಿ ಒಂದು ಹದಕ್ಕೆ ಬಂದ ಮೇಲೆ, ಚಿಂಚೋಳಿಯ ಚಂದಾಪುರದಲ್ಲಿ ಕಚೇರಿಯೊಂದರ ಹಳೆಯ ಗಾಡಿ ಹರಾಜಿಗೆ ಬಂದಿದೆ ಎಂದು ಕೇಳಿದ್ದೇ ತಡ, ಅಪ್ಪನನ್ನು ಕರೆದುಕೊಂಡು ಹೋದೆ. ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆ ಇಟ್ಟು ಕೂತಿತ್ತು. ನಿವೃತ್ತರಾಗಿದ್ದ ಅಪ್ಪ ಸುತ್ತ ಒಂದು ಸಲ ನಡೆದು, ಬಗ್ಗಿ ಕೆಳಗೆ ನೋಡಿ, ಮೊಣಕಾಲಿಗೆ ಅಂಟಿದ ಮಣ್ಣು ಕೊಡವಿಕೊಂಡು, 'ತಗೋ' ಎಂದರು. ಅಷ್ಟೇ. ಡ್ರೈವಿಂಗ್ ಕಲಿಸಿದವರೂ ಅವರೇ. ಈಗ ಅವರಿಲ್ಲ.

ಕಾರಿನ ಆರೈಕೆಗೆ ವಾಡಿಯಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ. ರೈಲ್ವೆ ಸ್ಟೇಷನ್ನಿನ ಹಿಂದೆ ಅವರ ಗ್ಯಾರೇಜು. ಹೊಸ ಗಾಡಿಗಳನ್ನು ಅವರು ಮುಟ್ಟುವುದಿಲ್ಲವೆಂದಲ್ಲ, ಮುಟ್ಟುವಾಗ ಮುಖ ಸ್ವಲ್ಪ ಸಣ್ಣದು ಮಾಡುತ್ತಾರೆ. ನನ್ನ ಗಾಡಿ ಹೋದರೆ ಸ್ಟೂಲು ತಾವೇ ಒರೆಸಿ ಕೂಡಿಸುತ್ತಾರೆ.

ನಾನು ಹೇಳಬೇಕೆಂದಿರುವುದು ಕೆಲವು ವರ್ಷಗಳ ಹಿಂದಿನ ಬೇಸಿಗೆಯ ಒಂದು ಮದುವೆಯ ಬಗ್ಗೆ.

ಭಂಕೂರದ ನನ್ನ ಗೆಳತಿ ಮತ್ತು ನಾನು ಶಹಾಬಾದದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವಳ ಮಗಳು ಅಗ್ನಿ ಸುರಕ್ಷತೆಯನ್ನೇ ಓದಿ, ಸಿಮೆಂಟ್ ಕಾರ್ಖಾನೆಯಲ್ಲಿ ಆ ಕೆಲಸಕ್ಕೇ ಸೇರಿ, ಆದಿತ್ಯನಗರದ ಕ್ವಾರ್ಟರ್ಸಿನಲ್ಲಿದ್ದಳು. ಅವಳಿಗೆ ಚಿತ್ತಾಪುರದ ವರ ಗೊತ್ತಾಯಿತು. ಶಾಲಾ ಮಾಸ್ತರ, ಮೃದು ಹುಡುಗ. ಗೆಳತಿ ಫೋನು ಮಾಡಿ, 'ಮದುವಿ ಉಡುಗೊರಿ ಅಂತ ಬ್ಯಾರೆ ಏನೂ ಆಯೇರಿ ಬ್ಯಾಡ ನನಗ. ನನ್ ಮಗಳ್ನ ನಿನ್ ಕಾರಿನ್ಯಾಗ ಗಂಡನ ಮನಿಗೆ ಮುಟ್ಟಿಸು' ಎಂದಳು. ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕಿತ್ತು? ಮಿಸ್ತ್ರಿಯ ಹತ್ತಿರ ಬ್ರೇಕು, ಆಯಿಲ್ಲು, ಟೈರು ನೋಡಿಸಿದೆ. ಸೀಟಿಗೆ ಹೊಸ ಬಿಳಿ ಹೊದಿಕೆ ಹೊಲಿಸಿದೆ. ಹೊರಗೆ ಹೊಳೆಯುವುದನ್ನೆಲ್ಲ ತಿಕ್ಕಿ ತಿಕ್ಕಿ ಹೊಳೆಯಿಸಿದೆ.

ಮದುವೆ ಶಹಾಬಾದದಲ್ಲಿ ಆಯಿತು. ಊಟವಾಗಿ, ಉಡಿ ತುಂಬಿ, ಅಳುವವರೆಲ್ಲ ಅತ್ತು ಮುಗಿಸುವಷ್ಟರಲ್ಲಿ ಬಿಸಿಲು ಸ್ವಲ್ಪ ಓರೆಯಾಗಿತ್ತು. ಕಾರಿನ ಮೂತಿಗೆ ಚೆಂಡುಹೂವಿನ ಮಾಲೆ, ಅದರ ನಡುವೆ ಕಾಗದದ ಹೂಗಳು. ಹಿಂದಿನ ಸೀಟಿನಲ್ಲಿ ಮದುಮಕ್ಕಳು, ಇಬ್ಬರ ನಡುವೆ ಸೆರಗಿಗೂ ಶಲ್ಯಕ್ಕೂ ಹಾಕಿದ ಗಂಟು. ನನ್ನ ಪಕ್ಕದಲ್ಲಿ ವರನ ತಾಯಿ. ಅವರು ಮಾತು ಕಡಿಮೆಯ, ನೆಟ್ಟಗೆ ಕೂಡುವ ಹೆಂಗಸು. ನನಗೆ ಅವರ ಮುಂದೆ ಸ್ವಲ್ಪ ಅಂಜಿಕೆಯೇ ಇತ್ತು. ಮದುವೆಯ ಮಂದಿಯ ಬಸ್ಸು ನಮ್ಮ ಹಿಂದೆ ಹೊರಟಿತು.

ವಾಡಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಮುಗಿಯದಷ್ಟು ಉದ್ದ. ಮುಂದೆ ಸಿಮೆಂಟಿನ ಲಾರಿಗಳು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿಗಳು. ಬಿಸಿಯಾದ ಎಂಜಿನ್ನು ಬಂದ್ ಮಾಡಿದರೆ ಮತ್ತೆ ಬೇಗ ಚಾಲೂ ಆಗುವುದಿಲ್ಲ, ಮದುಮಕ್ಕಳನ್ನು ಇಟ್ಟುಕೊಂಡು ತಳ್ಳಿಸಿಕೊಳ್ಳುವ ಪ್ರಸಂಗ ಬೇಡವೆಂದು ಹಾಗೆಯೇ ಓಡಲು ಬಿಟ್ಟೆ. ಗಾಳಿ ಇರಲಿಲ್ಲ. ಕಿಟಕಿಯಿಂದ ಬರುವುದೆಲ್ಲ ಒಲೆಯ ಬಾಯಿಯಿಂದ ಬಂದಂತೆ ಬರುತ್ತಿತ್ತು.

'ಮೌಶಿ, ಪೆಟ್ರೋಲ್ ವಾಸನಿ ಬರ್ಲಿಕತ್ತದ' ಎಂದಳು ಮದುಮಗಳು. ಚಿಕ್ಕಂದಿನಿಂದ ಅವಳು ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

'ಹಳೇ ಗಾಡಿ ಅಲ್ಲೇನವ್ವ, ಒಂಚೂರು ಬರ್ತದ' ಎಂದೆ. ನನ್ನ ಮೂಗಿಗೆ ಆ ವಾಸನೆ ಎಂದೋ ಹೊಂದಿಕೊಂಡುಬಿಟ್ಟಿತ್ತು.

ಗೇಟು ಎದ್ದಿತು, ಲಾರಿಗಳು ಒಂದೊಂದಾಗಿ ಹೊರಳಿದವು, ನಾವೂ ಹಳಿ ದಾಟಿದೆವು. ಸ್ವಲ್ಪ ದೂರ ಹೋಗಿರಬೇಕು, ಅವಳು ಮುಂದಕ್ಕೆ ಬಗ್ಗಿ ನನ್ನ ಭುಜದ ಮೇಲೆ ಕೈ ಇಟ್ಟಳು.

'ಮೌಶಿ, ಒಂಚೂರು ಅಲ್ಲ ಇದು. ಗೇಟಿನ ಹತ್ರ ಇದ್ದದ್ದಕ್ಕಿಂತ ಹೆಚ್ಚಾಗ್ಯದ. ಗಾಡಿ ಬಾಜೂಕ ತಗೊಂಡು ಬಂದ್ ಮಾಡ್ರಿ. ನಾವ್ ಇಳೀತೀವಿ.'

ವರನ ತಾಯಿ ಮೊದಲ ಸಲ ಹಿಂದಕ್ಕೆ ತಿರುಗಿದರು. 'ನಡುದಾರ್ಯಾಗ ಮದುಮಗಳು ಇಳೀತಾಳೇನು? ಮನ್ಯಾಗ ಆರತಿ ಹಿಡ್ಕೊಂಡು ನಿಂತಾರ. ನಡೀರಿ ಅಕ್ಕಾರ, ಇನ್ನೇನು ಊರು ಬಂತು.'

'ಅತ್ತೀರ, ನೀವೂ ಇಳೀರಿ. ಇಳದು ಆಮ್ಯಾಲ ಎಷ್ಟ್ ಬೇಕಾದಷ್ಟು ಬೈರಿ.'

ಅವಳ ದನಿ ಏರಿರಲಿಲ್ಲ. ಏರಿದ್ದರೆ ಬಹುಶಃ ನಾನು ಸಮಾಧಾನದ ಮಾತಾಡುತ್ತ ಗಾಡಿ ಓಡಿಸುತ್ತಲೇ ಇರುತ್ತಿದ್ದೆ. ಅವಳು ಅಷ್ಟು ತಣ್ಣಗೆ ಹೇಳಿದ್ದಕ್ಕೇ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಲ್ಲು ಪಾಲಿಶ್ ಮಾಡುವ ಶೆಡ್ಡೊಂದರ ಮುಂದೆ ಗಾಡಿಯನ್ನು ರಸ್ತೆಯಿಂದ ಇಳಿಸಿ ನಿಲ್ಲಿಸಿ, ಕೀಲಿ ತಿರುಗಿಸಿದೆ. ಆಗಲೇ ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆ ಬರುತ್ತಿರುವುದು ಕಂಡಿತು.

ವರನ ತಾಯಿಯ ಬಾಗಿಲನ್ನು ಮದುಮಗಳೇ ಹೊರಗಿನಿಂದ ತೆಗೆದು, ಕೈ ಹಿಡಿದು ಇಳಿಸಿದಳು. ಗಂಟು ಹಾಕಿದ್ದರಿಂದ ವರನೂ ಅವಳ ಹಿಂದೆಯೇ ಬರಬೇಕಾಯಿತು. ನಾವು ಶೆಡ್ಡಿನ ಕಡೆ ಹತ್ತಿಪ್ಪತ್ತು ಹೆಜ್ಜೆ ಸರಿದಿರಬಹುದು, ಬಾನೆಟ್ಟಿನೊಳಗೆ ಭಗ್ ಎಂದಿತು. ಮೂತಿಯ ಜಾಲರಿಯೊಳಗೆ ಕೆಂಪು ಕಂಡಿತು. ಕಾಗದದ ಹೂಗಳು ಒಂದರ ಹಿಂದೆ ಒಂದು ಹತ್ತಿಕೊಂಡವು.

ವರ ಸೂಟ್‌ಕೇಸು ಡಿಕ್ಕಿಯಲ್ಲಿದೆಯೆಂದು ಹಿಂದಕ್ಕೆ ಓಡಲು ಹೋದ. ಶಲ್ಯ ಎಳೆದು ನಿಂತಿತು. 'ಅದು ಅಲ್ಲೇ ಇರ್ಲಿ, ನೀವು ಇಲ್ಲೇ ಇರ್ರಿ' ಎಂದಳು ಅವಳು. ನಾನು ಬಾನೆಟ್ ಎತ್ತಿ ನೋಡಬೇಕೆಂದು ಕಾರಿನ ಕಡೆ ಹೊರಟಿದ್ದೆ. ಏನು ನೋಡಲು, ನೋಡಿ ಏನು ಮಾಡಲು, ಈಗ ಕೇಳಿದರೆ ಗೊತ್ತಿಲ್ಲ. ತನ್ನ ಗಾಡಿ ಉರಿಯುವಾಗ ಯಾರಿಗಾದರೂ ಹಾಗೆಯೇ ಆಗುತ್ತದೆ.

'ಮೌಶಿ, ಬಾನೆಟ್ ಎತ್ತಬ್ಯಾಡ್ರಿ. ಎತ್ತಿದ್ರ ಗಾಳಿ ಸಿಕ್ಕು ಬೆಂಕಿ ಸೀದಾ ಮುಖಕ್ಕ ಬರ್ತದ.'

ಶೆಡ್ಡಿನಿಂದ ಒಬ್ಬರು ಬಕೀಟಿನಲ್ಲಿ ನೀರು ಹಿಡಿದು ಓಡಿ ಬಂದರು. ಅವಳು ಅಡ್ಡ ನಿಂತಳು. 'ನೀರು ಬ್ಯಾಡ್ರಿ ಅಣ್ಣಾರ. ಪೆಟ್ರೋಲು ನೀರಿನ ಮ್ಯಾಲ ತೇಲ್ತದ, ಬೆಂಕಿ ಹರದಾಡ್ತದ. ಒಣಾ ಕಲ್ಲಿನ ಪುಡಿ ಇದ್ರ ತರ್ರಿ.'

ಕಲ್ಲಿನ ಪುಡಿಗೆ ನಮ್ಮ ಸೀಮೆಯಲ್ಲಿ ಏನು ಕೊರತೆ? ಶೆಡ್ಡಿನ ಪಕ್ಕದಲ್ಲೇ ಗುಡ್ಡೆ ಬಿದ್ದಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಬುಟ್ಟಿ ತುಂಬಿ ತಂದು, ಅವಳು ತೋರಿಸಿದ ಕಡೆಯಿಂದ, ಕಾರಿನ ಕೆಳಗೆ ಸೋರಿ ಉರಿಯುತ್ತಿದ್ದ ಪೆಟ್ರೋಲಿನ ಮೇಲೆ ಎರಚಿದರು. ಒಬ್ಬಾಕೆ ತಲೆಯ ಮೇಲಿನ ಸಿಂಬಿಯನ್ನೂ ತೆಗೆಯದೆ ಎರಚುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಕೆಳಗಿನ ಬೆಂಕಿ ತಗ್ಗಿತು. ಒಳಗಿನದು ತಗ್ಗಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ನಮ್ಮ ಹಿಂದೆ ಇದ್ದ ಸಿಮೆಂಟ್ ಲಾರಿಯೊಂದು ನಿಂತು, ಅದರ ಚಾಲಕ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಜಿಗಿದರು. ಮಾತಿನಲ್ಲಿ ತೆಲುಗು ಬೆರೆತಿತ್ತು. 'ಇದು ಹೆಂಗ ಹೊಡಿಯೋದು ಅಂತ ನಂಗ ಎಂದೂ ತೋರಿಸಿಲ್ಲಮ್ಮ' ಎಂದರು.

'ಇಲ್ಲಿ ಕೊಡ್ರಿ' ಎಂದು ಅವಳು ಕೈ ಚಾಚಿದಳು. ಚಾಚಿದ ಕೈಯ ಹಿಂದೆ ಗಂಟು, ಗಂಟಿನ ಹಿಂದೆ ಗಂಡ. ಅವಳು ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಆ ಗಂಟು ಮನೆ ತುಂಬಿದ ಮೇಲೆ, ದೇವರ ಮುಂದೆ ಬಿಚ್ಚುವಂಥದ್ದು. ವರನ ತಾಯಿ ಮುಂದೆ ಬಂದು, ತಮ್ಮ ಕೈಯಿಂದಲೇ ಗಂಟು ಬಿಚ್ಚಿ, ಉಡಿಯ ಅಕ್ಕಿ ಕೊಬ್ಬರಿಯನ್ನು ತಮ್ಮ ಸೆರಗಿಗೆ ತೆಗೆದುಕೊಂಡು, 'ನಡಿ, ಹುಷಾರು' ಎಂದರು.

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಾಳಿ ಬೆನ್ನಿಗೆ ಬರುವಂತೆ ನಿಂತು, ಪಿನ್ನು ಎಳೆದು, ಜಾಲರಿಯ ಸಂದಿಯಿಂದ ಬೆಂಕಿಯ ಬುಡಕ್ಕೆ ಹಿಡಿದಳು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಬಿಳಿ ಪುಡಿ ಎದ್ದು ಕಾರೇ ಕಾಣದಾಯಿತು. ಪುಡಿ ಕೂತಾಗ ಬೆಂಕಿ ಇರಲಿಲ್ಲ. ಬಾನೆಟ್ಟಿನ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಯಾರೋ ಹತ್ತಿರ ಹೋಗಲು ನೋಡಿದರು. ಅವಳು ತಡೆದಳು. 'ಇನ್ನ ಒಳಗ ಬಿಸಿ ಅದ. ಮತ್ತ ಹತ್ತಬಹುದು. ತಣ್ಣಗಾಗ್ಲಿ.'

ನಾನು ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತೆ. ಪಾಲಿಶ್ ಕೆಲಸದ ಹೆಂಗಸೊಬ್ಬರು ಮಣ್ಣಿನ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು. ಕುಡಿದೆ. ಆಮೇಲೆ ಅಳು ಬಂತು. ಕಾರಿಗಾಗಿ ಅತ್ತೆನೋ, ಹಿಂದಿನ ಸೀಟಿನಲ್ಲಿ ಕೂತಿದ್ದ ಎರಡು ಜೀವಕ್ಕಾಗಿ ಅತ್ತೆನೋ. ಲಾರಿಯ ಚಾಲಕ ಖಾಲಿ ಸಿಲಿಂಡರನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. ನಾನು ಎದ್ದು ಕೈ ಮುಗಿದೆ. 'ನಾವೂ ರೋಡಿನ ಮ್ಯಾಲೇ ಬದುಕೋರು ಕದಾ ಅಮ್ಮ' ಎಂದು ಲಾರಿ ಹತ್ತಿದರು. ಹೆಸರು ಕೇಳಬೇಕೆಂದು ನೆನಪಾಗುವಷ್ಟರಲ್ಲಿ ಲಾರಿ ಹೋಗಿತ್ತು. ಇವತ್ತಿಗೂ ಸಿಮೆಂಟ್ ಲಾರಿ ಎದುರಾದರೆ ನಾನು ಸ್ಟಿಯರಿಂಗಿನಿಂದ ಒಂದು ಕೈ ಎತ್ತುತ್ತೇನೆ. ಬಹಳ ಮಂದಿ ತಾವೂ ಕೈ ಎತ್ತುತ್ತಾರೆ, ಯಾಕೆಂದು ಅವರಿಗೆ ಗೊತ್ತಿರುವುದಿಲ್ಲ.

ಗೇಟಿನಲ್ಲಿ ಹಿಂದೆ ಉಳಿದಿದ್ದ ಮದುವೆಯ ಬಸ್ಸೂ ಅಷ್ಟರಲ್ಲಿ ಬಂದು, ಮಂದಿಯೆಲ್ಲ ಇಳಿದು ನೆರೆದಿದ್ದರು. ಮೊದಲು ಬದುಕಿದೆವೆಂಬ ಮಾತು. ಬೆಂಕಿ ಆರಿದ ಸ್ವಲ್ಪ ಹೊತ್ತಿಗೆ ಬೇರೆ ಮಾತು ಹುಟ್ಟಿತು. ವರನ ಕಡೆಯ ಹಿರಿಯ ಹೆಂಗಸೊಬ್ಬರು, ಮನೆ ತುಂಬುವ ಮೊದಲೇ ಹೀಗಾಯಿತಲ್ಲ, ಹುಡುಗಿಯ ಕಾಲ್ಗುಣ ಹೇಗಿದೆಯೋ ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಹುಡುಗಿಗೂ ಕೇಳಿಸಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳ ಮುಖ ಆಗ ಮಾತ್ರ ಸಣ್ಣದಾಯಿತು.

ವರನ ತಾಯಿ ಸೆರಗಿನ ಅಕ್ಕಿ ಹಿಡಿದುಕೊಂಡೇ ಆ ಹೆಂಗಸಿನ ಮುಂದೆ ಹೋಗಿ ನಿಂತರು.

'ಕಾಲ್ಗುಣದ ಮಾತು ಬ್ಯಾಡ ಯವ್ವಾ. ಈಕಿ ಮೂಗಿನ ಗುಣದಿಂದ ನನ್ ಮಗ ಉಳದಾನ, ನಾ ಉಳದೀನಿ. ನಾನೇ ಇಳಿಯಾಂಗಿಲ್ಲ ಅಂತ ಹಟಾ ಹಿಡದಿದ್ದೆ. ಈಕಿ ನನ್ ಮಾತು ಕೇಳಿದ್ರ ಈಗ ಯಾರಿಗೆ ಆರತಿ ಮಾಡ್ತಿದ್ರಿ?'

ಆಮೇಲೆ ಅವರು ಸೊಸೆಯ ಉಡಿಗೆ ಅಕ್ಕಿ ಕೊಬ್ಬರಿ ಮತ್ತೆ ಹಾಕಿ, ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿ, ಅವಳ ಮೂಗಿನ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ತಮ್ಮ ಹೆಬ್ಬೆರಳಿನಿಂದ ಒರೆಸಿದರು. ಬಸ್ಸಿನಲ್ಲಿ ಜಾಗವಿತ್ತು. ಆದರೆ ಶೆಡ್ಡಿನವರು ತಮ್ಮ ಮೂರು ಗಾಲಿಯ ಟಂಟಂ ಒರೆಸಿ, ಸೀಟಿಗೆ ಹೊಸ ಟವೆಲ್ ಹಾಸಿ, ಮದುಮಕ್ಕಳನ್ನು ತಾವೇ ಮುಟ್ಟಿಸುತ್ತೇವೆಂದು ಹಟ ಹಿಡಿದರು. ಹೀಗೆ ನನ್ನ ಗೆಳತಿಯ ಮಗಳು ಟಂಟಂನಲ್ಲಿ ಗಂಡನ ಮನೆ ಸೇರಿದಳು.

ನನ್ನ ಗಂಡ ಸುದ್ದಿ ಕೇಳಿ ಅಂಗಡಿ ಮುಚ್ಚಿಕೊಂಡು ಬಂದರು. ಈ ಕಾರಿನ ಬಗ್ಗೆ ದಿನಕ್ಕೊಂದು ಚೇಷ್ಟೆ ಮಾಡುವ ಮನುಷ್ಯ ಅವತ್ತು ಕಾರಿನ ಸುತ್ತ ನಡೆದು ಬಂದು, ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, 'ಮಾರೋ ಮಾತು ನಾ ಆಡೂದಿಲ್ಲ. ಮಿಸ್ತ್ರಿ ಏನಂತಾರ ಕೇಳೋಣು' ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಎಷ್ಟು ಋಣಿಯೋ, ಅವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಿಸ್ತ್ರಿ ಮರುದಿನ ಬ್ಯಾಟರಿಯ ತಂತಿ ಕಳಚಿ, ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಬಾನೆಟ್ ತೆಗೆದು ಬಹಳ ಹೊತ್ತು ನೋಡಿದರು. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪು ಸುಟ್ಟಿತ್ತು. ಟ್ಯಾಂಕಿನ ಕಡೆ ಉಳಿದಿದ್ದ ಅದೇ ಕಾಲದ ಇನ್ನೊಂದು ತುಂಡನ್ನು ಬಗ್ಗಿಸಿ ತೋರಿಸಿದರು. ಹೊರಗೆ ಸರಿಯಾಗಿಯೇ ಕಾಣುತ್ತಿತ್ತು, ಒಳಗೆ ಮೆತ್ತಗಾಗಿ ಬಿರಿದಿತ್ತು.

'ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಕೂಡಸ್ತಾರಲ್ರಿ, ಅದು ಹಳೇ ರಬ್ಬರಿಗೆ ಆಗಿಬರಾಂಗಿಲ್ಲ. ಒಳಗಿಂದ ತಿಂತದ' ಎಂದರು. 'ಬಿರದು ಸೋರ್ಯಾದ, ಸೋರಿ ಎಂಜಿನ್ ಬಾಜೂಕಿನ ಬಿಸಿ ಸೈಲೆನ್ಸರ್ ಪೈಪಿನ ಮ್ಯಾಲ ಬಿದ್ದಾದ. ನೀವ್ ಎಂಜಿನ್ ಬಂದ್ ಮಾಡಿದ್ದಕ್ಕ ಪಂಪು ನಿಂತದ. ಓಡಸ್ಕೊಂಡೇ ಹೋಗಿದ್ರ ಪೆಟ್ರೋಲ್ ಬರ್ತಾನೇ ಇರ್ತಿತ್ತು.' ಆ ತುಂಡನ್ನು ಕೆಳಗಿಟ್ಟು, 'ಆ ಹುಡುಗಿಗಿ ನನ್ ಸಲಾಂ ಹೇಳ್ರಿ' ಎಂದರು.

ಸಲಾಂ ಹೇಳುವ ಮೊದಲೇ ಹುಡುಗಿ ಗ್ಯಾರೇಜಿಗೆ ಬಂದಳು. ಮದುವೆಯಾಗಿ ಮೊದಲ ಭಾನುವಾರವಿರಬೇಕು. ಗಂಡ ಸ್ಕೂಟರ್ ಓಡಿಸುತ್ತಿದ್ದ, ಇವಳ ಮಡಿಲಲ್ಲಿ ಹೊಳೆಯುವ ಕಾಗದ ಸುತ್ತಿದ ಒಂದು ಉದ್ದನೆಯ ಡಬ್ಬಿ. 'ನಿಮಗ ನಮ್ ಕಡೆಯಿಂದ ಆಯೇರಿ, ಮೌಶಿ' ಎಂದಳು. ಬಿಚ್ಚಿದರೆ ಕೆಂಪು ಸಿಲಿಂಡರ್. ನಾನು ಅದನ್ನು ಡಿಕ್ಕಿಯಲ್ಲಿ ಇಡುತ್ತೇನೆಂದೆ. ಡಿಕ್ಕಿಯಲ್ಲಿಟ್ಟರೆ ತೆಗೆಯುವಷ್ಟರಲ್ಲಿ ಹೊತ್ತು ಮೀರುತ್ತದೆ, ಚಾಲಕನ ಸೀಟಿನ ಬದಿಗೆ, ಕೂತಲ್ಲೇ ಕೈಗೆ ಸಿಗಬೇಕೆಂದಳು. ಮಿಸ್ತ್ರಿ ಅಲ್ಲೇ ಕಬ್ಬಿಣದ ಪಟ್ಟಿ ಬಗ್ಗಿಸಿ ಅದನ್ನು ಹಿಡಿದಿಡುವ ಕೊಂಡಿ ಮಾಡಿದರು. ಬ್ಯಾಟರಿಯನ್ನು ಒಂದೇ ತಿರುವಿಗೆ ಕಡಿಯುವ ಸ್ವಿಚ್ಚನ್ನೂ ಇಬ್ಬರೂ ಸೇರಿ ಕೂಡಿಸಿದರು. ಪೈಪುಗಳೆಲ್ಲ ಈಗಿನ ಪೆಟ್ರೋಲಿಗೆ ತಡೆಯುವಂಥವು. ವರುಷಕ್ಕೊಮ್ಮೆ, ಚೆನ್ನಾಗಿ ಕಂಡರೂ ಸರಿ, ಬದಲಿಸುವುದೆಂದು ಮಾತಾಯಿತು. ಅವರಿಬ್ಬರೂ ಬಾನೆಟ್ಟಿನ ಆ ಕಡೆ ಈ ಕಡೆ ಬಗ್ಗಿ ಮಾತಾಡುತ್ತಿದ್ದರೆ ನಾನೂ ಅವಳ ಗಂಡನೂ ಚಹಾ ಕುಡಿಯುತ್ತ ಕೂತಿದ್ದೆವು.

ಅದಾದ ಮೇಲೆ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ನಮ್ಮ ಸುತ್ತಲಿನ ಊರುಗಳಲ್ಲಿ ಹಳೆಯ ಗಾಡಿ ಇಟ್ಟುಕೊಂಡ ಕೆಲವರು ನಾವು ಆಗಾಗ ಸೇಡಂನಲ್ಲಿ ಕೂಡುತ್ತೇವೆ. ಕಾರಿನವರು ಕಡಿಮೆ, ಹಳೆಯ ಜೀಪು, ಸ್ಕೂಟರು, ಒಂದು ಟ್ರ್ಯಾಕ್ಟರೂ ಇದೆ. ಕೂಡಿದಾಗ ಮಾತೆಲ್ಲ ಬಣ್ಣದ್ದು, ಹಾರ್ನಿನದ್ದು, ಯಾವ ಸಾಮಾನು ಎಲ್ಲಿ ಸಿಗುತ್ತದೆಂಬುದು. ಸುಟ್ಟ ಬಾನೆಟ್ಟಿನ ಫೋಟೋ ನೋಡಿದ ಮೇಲೆ ಎಲ್ಲರೂ ಒಂದೇ ಮಾತು ಹಿಡಿದರು: ಆ ಹುಡುಗಿಯನ್ನು ಒಂದು ಸಲ ಕರೆಸಿರಿ.

ಅವಳು ಬಂದಳು. ಅವಳ ಜೊತೆ ಅವಳ ಅತ್ತೆಯೂ ಬಂದರು. ಬಯಲಿನಲ್ಲಿ ಕಬ್ಬಿಣದ ಬಾಂಡಲಿಯಲ್ಲಿ ಸ್ವಲ್ಪ ಪೆಟ್ರೋಲು ಹಾಕಿ, ನಮ್ಮನ್ನೆಲ್ಲ ಗಾಳಿಯ ಈ ಕಡೆ ನಿಲ್ಲಿಸಿ, ಉದ್ದನೆಯ ಕೋಲಿನಿಂದ ಹೊತ್ತಿಸಿದಳು. 'ಯಾರ್ ಮೊದಲು?' ಎಂದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, 'ಕೊಡು ಇಲ್ಲಿ. ಅವತ್ತು ನೋಡೀನಿ' ಎಂದರು. ಪಿನ್ನು ಎಳೆದರು, ಬುಡಕ್ಕೆ ಹಿಡಿದರು, ಬೆಂಕಿ ಆರಿತು. ಸೊಸೆ ನಕ್ಕದ್ದು, ಅತ್ತೆ ನಗು ತಡೆದುಕೊಂಡು ಮತ್ತೆ ನೆಟ್ಟಗೆ ನಿಂತದ್ದು ಎರಡೂ ಚೆಂದವಿತ್ತು. ಆಮೇಲೆ ಸರದಿ ಹಚ್ಚಿ ಎಲ್ಲರೂ ಹೊಡೆದೆವು. ನಾನೂ ಹೊಡೆದೆ. ಕೈಯಲ್ಲಿ ಅಷ್ಟು ಜೋರು ಬರುತ್ತದೆಂದು ಗೊತ್ತಿರಲಿಲ್ಲ. ಅವತ್ತು ಮನೆಗೆ ಹೋಗುವ ಮೊದಲು ಒಬ್ಬರ ಗಾಡಿಯ ಬಾನೆಟ್ಟನ್ನು ಇನ್ನೊಬ್ಬರು ಎತ್ತಿ ಪೈಪು ಹಿಚುಕಿ ನೋಡಿದರು. ತಮ್ಮ ಗಾಡಿಯ ವಾಸನೆಗೆ ತಮ್ಮ ಮೂಗು ಹೊಂದಿಕೊಂಡಿರುತ್ತದೆ, ಇನ್ನೊಬ್ಬರ ಮೂಗು ಬೇಕು ಎಂದು ಅವಳೇ ಹೇಳಿದ್ದು.

ಹೋದ ಚಳಿಗಾಲದಲ್ಲಿ ಚಿಂಚೋಳಿಯಿಂದ ಫೋನು ಬಂತು. ನಮ್ಮ ಗುಂಪಿನ ಜೀಪಿನವರು. ಏರು ಹತ್ತುವಾಗ ಜೀಪಿನ ಮುಂದೆ ಹೊಗೆ ಬಂದಿತಂತೆ, ಒಳಗೆ ಹೆಂಡತಿ, ಇಬ್ಬರು ಮೊಮ್ಮಕ್ಕಳು. 'ಅಕ್ಕಾರ, ಗಾಡಿ ನಿಂದ್ರಿಸಿ, ಬಂದ್ ಮಾಡಿ, ಎಲ್ಲಾರ್ನೂ ಇಳಿಸಿ ದೂರ ಕಳಿಸ್ದೆ. ಸೀಟಿನ ಬಾಜೂಕಿನ ಸಿಲಿಂಡರ್ ತಗದು, ಪಿನ್ ಎಳದು ಹೊಡದೆ. ಆರ್ತು. ಮಕ್ಕಳು ಈಗ ಬಿಸ್ಕೀಟ್ ತಿನ್ಲಿಕತ್ತಾವ' ಎಂದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರನ್ನು ಒಂದು ನಿಮಿಷ ನಿಲ್ಲಲು ಹೇಳಿ, ಆದಿತ್ಯನಗರಕ್ಕೆ, ಗೆಳತಿಯ ಮಗಳಿಗೆ ಫೋನು ಹಚ್ಚಿದೆ. ಅವಳು ಡ್ಯೂಟಿಯಲ್ಲಿದ್ದಳು, ಹಿಂದೆ ಯಂತ್ರಗಳ ಸದ್ದು. ನಡೆದದ್ದನ್ನೆಲ್ಲ ಹೇಳಿ, ಆ ಮಕ್ಕಳ ಪರವಾಗಿ, ಅವರಜ್ಜಿಯ ಪರವಾಗಿ, ನನ್ನ ಪರವಾಗಿ ಏನೇನೋ ಹೇಳಬೇಕೆಂದು ಹೊರಟೆ. ಬಾಯಿಗೆ ಬಂದದ್ದು ಮಕ್ಕಳ ಬಿಸ್ಕೀಟಿನ ಮಾತಷ್ಟೇ.

'ಭಾಳ ಛಲೋ ಆಯ್ತು ಮೌಶಿ' ಎಂದಳು. 'ಆ ಸಿಲಿಂಡರ್ ಮತ್ತ ತುಂಬಸ್ಲಿಕ್ಕಿ ಹೇಳ್ರಿ. ಒಮ್ಮಿ ಒತ್ತಿದ್ದು ಹಂಗೇ ಇಡಬಾರ್ದು.'

ನಾನು ಚಿಂಚೋಳಿಗೆ ಮತ್ತೆ ಫೋನು ಮಾಡಿ ಹೇಳಿದೆ.